84 ದಿನ ಮೀರಿದ ಎರಡನೇ ಡೋಸ್ ವ್ಯರ್ಥವೇ? ಇವತ್ತಿನ ಹೃದಯಾಘಾತಕ್ಕೆ ಅವತ್ತಿನ ಲಸಿಕೆ ಕಾರಣವೇ?

ಗುಬ್ಬಿಯಲ್ಲಿರುವ ನಮ್ಮ ದೊಡ್ಡಮ್ಮ ಕೋವಿಶೀಲ್ಡ್‌ನ ಮೊದಲ ಡೋಸ್ ಹಾಕಿಸಿಕೊಂಡಿದ್ದು 2021ರ ಏಪ್ರಿಲ್‌ನಲ್ಲಿ. ಆರೇಳು ವಾರ ಬಿಟ್ಟು ಬನ್ನಿ ಅಂದಿದ್ದರಂತೆ. ಅವರು ಹೊರಡುವಷ್ಟರಲ್ಲಿ ನಿಯಮ ಬದಲಾಗಿ ಅದು 84 ದಿನ ಆಗಿತ್ತು. 84 ದಿನ ತುಂಬಿದಾಗ ಮನೆಯಲ್ಲಿ ಯಾರಿಗೋ ಜ್ವರ, ಆಮೇಲೆ ತೋಟದಲ್ಲಿ ಅಡಿಕೆ ಕೊಯ್ಲು. ಕೊನೆಗೆ ಎರಡನೇ ಡೋಸ್ ಆಗಿದ್ದು ದೀಪಾವಳಿ ಹೊತ್ತಿಗೆ. "ಟೈಮ್ ಮೀರೋಯ್ತಲ್ಲ, ಇನ್ನು ಹಾಕುಸ್ಕಂಡ್ರೆ ಏನ್ ಬಂತು?" ಅಂತ ಅವತ್ತು ಕೇಳಿದ್ದರು.

2025ರ ಜುಲೈನಲ್ಲಿ, ಹಾಸನದ ಹೃದಯಾಘಾತದ ಸುದ್ದಿ ಟಿವಿಯಲ್ಲಿ ದಿನವಿಡೀ ಓಡುತ್ತಿದ್ದಾಗ, ಮತ್ತೆ ಫೋನ್ ಮಾಡಿದರು. "ಎದೆ ಒಂಥರಾ ಉರೀತದೆ ಕಣೆ. ಆ ಸೂಜಿದೇ ಇರ್ಬೇಕು. ಗ್ರೂಪಲ್ಲೂ ಬಂದದೆ." ವಿಚಾರಿಸಿದರೆ ಬಿಪಿ ಮಾತ್ರೆ ಬಿಟ್ಟು ಮೂರು ತಿಂಗಳಾಗಿತ್ತು.

ಅವರು ಕೇಳಿದ ಈ ಎರಡು ಪ್ರಶ್ನೆಗಳನ್ನು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಕುಟುಂಬದ ಗ್ರೂಪ್‌ಗಳಲ್ಲಿ ಬೇರೆ ಬೇರೆ ಮಾತಿನಲ್ಲಿ ನಾನು ಎಷ್ಟೋ ಸಲ ಓದಿದ್ದೇನೆ. ಕುಣಿಗಲ್ ಅಂತೂ ಬೆಂಗಳೂರು–ಹಾಸನ ಹೆದ್ದಾರಿಯ ಮೇಲೇ ಇರುವ ಊರು. ಹಾಸನದ ಸುದ್ದಿ ಅಲ್ಲಿಗೆ ಬೇರೆ ಊರಿನ ಸುದ್ದಿಯಾಗಿ ಬರುವುದಿಲ್ಲ. ಎರಡೂ ಪ್ರಶ್ನೆಗಳಿಗೆ ಉತ್ತರ ಹುಡುಕಲು ದಿನದ ಲೆಕ್ಕ ನೋಡಬೇಕು. ಡೋಸ್‌ಗಳ ನಡುವೆ ಎಷ್ಟು ದಿನ ಬೇಕು, ಲಸಿಕೆಯ ಅಡ್ಡಪರಿಣಾಮ ಎಷ್ಟು ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಕೋವಿಡ್ ಬಂದು ಹೋದ ಮೇಲಿನ ತೊಂದರೆ ಎಷ್ಟು ತಿಂಗಳು ಉಳಿಯುತ್ತದೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ದಿನದ ಅಂತರ ಎಷ್ಟು ಸಲ ಬದಲಾಯಿತು?

2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಶುರುವಾದಾಗ ಕೋವಿಶೀಲ್ಡ್‌ಗೂ ಕೋವ್ಯಾಕ್ಸಿನ್‌ಗೂ ಅಂತರ 28 ದಿನ. ಮಾರ್ಚ್ 22ರಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಪತ್ರ ಬರೆದು, ಕೋವಿಶೀಲ್ಡ್‌ನ ಎರಡನೇ ಡೋಸ್ 6ರಿಂದ 8 ವಾರಕ್ಕೆ ಕೊಟ್ಟರೆ ಒಳ್ಳೆಯದು ಎಂದಿತು. ಮೇ 13ರಂದು ಅದೇ ಅಂತರ 12ರಿಂದ 16 ವಾರಕ್ಕೆ ಏರಿತು. ಹನ್ನೆರಡು ವಾರ ಅಂದರೆ 84 ದಿನ. ನಮ್ಮ ಮನೆಗಳಲ್ಲಿ ನೆನಪುಳಿದ ಸಂಖ್ಯೆ ಇದೇ. ಜೂನ್ 7ರಂದು, ವಿದೇಶಕ್ಕೆ ಓದಲು ಅಥವಾ ಕೆಲಸಕ್ಕೆ ಹೋಗುವವರು ಮತ್ತು ಒಲಿಂಪಿಕ್ಸ್‌ಗೆ ಹೋಗುವವರು 28 ದಿನ ಆದ ಮೇಲೆ ಹಾಕಿಸಿಕೊಳ್ಳಬಹುದು ಎಂದು ವಿನಾಯಿತಿ ಕೊಟ್ಟರು. 2022ರ ಮಾರ್ಚ್‌ನಲ್ಲಿ ಅಂತರವನ್ನು 8ರಿಂದ 16 ವಾರಕ್ಕೆ ಇಳಿಸಲು ತಜ್ಞರ ಸಮಿತಿ ಶಿಫಾರಸು ಮಾಡಿತು. ಮುನ್ನೆಚ್ಚರಿಕೆ ಡೋಸ್‌ನದೂ ಇದೇ ಕಥೆ. 2022ರ ಜನವರಿಯಲ್ಲಿ ಅದಕ್ಕೆ 9 ತಿಂಗಳು ಕಾಯಬೇಕಿತ್ತು, ಜುಲೈನಲ್ಲಿ 6 ತಿಂಗಳಿಗೆ ಇಳಿಯಿತು.

ಒಂದೇ ಔಷಧಿಗೆ ಒಂದೂವರೆ ವರ್ಷದಲ್ಲಿ ಇಷ್ಟು ಸಲ ದಿನ ಬದಲಾದರೆ ಜನಕ್ಕೆ ಅನುಮಾನ ಬರುವುದು ಸಹಜ. ಅನುಮಾನ ಪಟ್ಟವರನ್ನು ದಡ್ಡರು ಅನ್ನುವವರ ಜೊತೆ ನಾನಿಲ್ಲ. ಆ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಮೇ 5ರಂದು ಕರ್ನಾಟಕದ ಒಂದು ದಿನದ ಹೊಸ ಪ್ರಕರಣ 50 ಸಾವಿರ ದಾಟಿತ್ತು. ಲಸಿಕೆ ಸಾಲದೆ ರಾಜ್ಯ ಸರ್ಕಾರ ಮೇ 14ರಿಂದ 18–44 ವರ್ಷದವರಿಗೆ ಕೊಡುವುದನ್ನೇ ನಿಲ್ಲಿಸಿತು. ಅದರ ಹಿಂದಿನ ದಿನವೇ ದೆಹಲಿಯಿಂದ 84 ದಿನದ ಸುದ್ದಿ ಬಂದಿತ್ತು. "ಸ್ಟಾಕ್ ಇಲ್ಲ ಅಂತ ದಿನ ಮುಂದೂಡಿದರು" ಅನ್ನುವ ಮಾತು ಹುಟ್ಟಿದ್ದು ಆಗ.

ಆ ಮಾತಿನಲ್ಲಿ ಎಷ್ಟು ನಿಜ? ದಿನ ಹೆಚ್ಚಿಸಲು ಪುರಾವೆ ಇತ್ತು. ಕೋವಿಶೀಲ್ಡ್ ಅಂದರೆ ಆಕ್ಸ್‌ಫರ್ಡ್–ಆಸ್ಟ್ರಾಜೆನೆಕಾ ಲಸಿಕೆಯೇ. ಪುಣೆಯ ಸೀರಂ ಸಂಸ್ಥೆ ತಯಾರಿಸಿದ್ದು. ಆ ಲಸಿಕೆಯ ಪ್ರಯೋಗದ ಲೆಕ್ಕ 2021ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎರಡು ಡೋಸ್‌ಗಳ ನಡುವೆ 6 ವಾರಕ್ಕಿಂತ ಕಡಿಮೆ ಅಂತರ ಇದ್ದವರಲ್ಲಿ ರಕ್ಷಣೆ ಸುಮಾರು 55%, 12 ವಾರ ಅಥವಾ ಹೆಚ್ಚು ಇದ್ದವರಲ್ಲಿ ಸುಮಾರು 81%. ಬ್ರಿಟನ್ 2020ರ ಡಿಸೆಂಬರ್ ಕೊನೆಯಿಂದಲೇ 12 ವಾರದ ಅಂತರ ಪಾಲಿಸುತ್ತಿತ್ತು.

ಆದರೆ 16 ವಾರದವರೆಗೆ ಹೋಗಲು ಅಷ್ಟೇ ಗಟ್ಟಿ ಪುರಾವೆ ಇರಲಿಲ್ಲ. ಲಸಿಕೆ ಕುರಿತ ರಾಷ್ಟ್ರೀಯ ತಾಂತ್ರಿಕ ಸಲಹಾ ಗುಂಪಿನ ಮೂವರು ಸದಸ್ಯರು 2021ರ ಜೂನ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯ ಜೊತೆ ಮಾತಾಡಿ, 8ರಿಂದ 12 ವಾರಕ್ಕೆ ತಮ್ಮ ಒಪ್ಪಿಗೆ ಇತ್ತು, ಅದರಾಚೆಗೆ ಸಾಕಷ್ಟು ಮಾಹಿತಿ ಇರಲಿಲ್ಲ ಎಂಬರ್ಥದಲ್ಲಿ ಹೇಳಿದರು. ಒಮ್ಮತದಿಂದಲೇ ನಿರ್ಧರಿಸಿದ್ದು ಎಂದು ಸರ್ಕಾರ ಉತ್ತರ ಕೊಟ್ಟಿತು. ಇದನ್ನು ಓದಿದಾಗ ನನಗೆ ಅನಿಸಿದ್ದು ಇಷ್ಟು: ದಿನ ಹೆಚ್ಚಿಸಿದ್ದರ ಹಿಂದೆ ವಿಜ್ಞಾನ ಇತ್ತು, ಕೊರತೆಯೂ ಇತ್ತು. ಕೊರತೆ ಇದೆ ಎಂದು ನೇರವಾಗಿ ಹೇಳಿದ್ದರೆ ಜನ ಅರ್ಥ ಮಾಡಿಕೊಳ್ಳುತ್ತಿದ್ದರು.

ಇನ್ನೊಂದು ಗೊಂದಲ ಅದೇ ವಾರ ಸೇರಿಕೊಂಡಿತು. ಭಾರತ ಅಂತರ ಹೆಚ್ಚಿಸಿದ ಮರುದಿನ, ಮೇ 14ರಂದು, ಬ್ರಿಟನ್ ತನ್ನ 50 ವರ್ಷ ಮೇಲ್ಪಟ್ಟವರಿಗೆ 12 ವಾರದಿಂದ 8 ವಾರಕ್ಕೆ ಇಳಿಸಿತು. ಡೆಲ್ಟಾ ತಳಿ ಅಲ್ಲಿಗೂ ಹೋಗಿತ್ತು. ಒಂದೇ ಡೋಸ್ ಡೆಲ್ಟಾಕ್ಕೆ ಸಾಲದು ಎಂದು ಅಲ್ಲಿನ ಲೆಕ್ಕ ತೋರಿಸಿತು. ಒಂದು ಡೋಸ್‌ನಿಂದ ಮೂರನೇ ಒಂದು ಭಾಗದಷ್ಟು, ಎರಡರಿಂದ 60%ಕ್ಕೂ ಮೇಲೆ ರಕ್ಷಣೆ. "ನೋಡಿ, ಅವರು ಇಳಿಸಿದರು, ನಾವು ಏರಿಸಿದೆವು" ಅನ್ನುವ ಫಾರ್ವರ್ಡ್‌ಗೆ ಇಷ್ಟು ಸಾಕಾಯಿತು. ಆದರೆ ಬ್ರಿಟನ್ನಿನಲ್ಲಿ ಆ ವಯಸ್ಸಿನ ಹೆಚ್ಚಿನವರಿಗೆ ಮೊದಲ ಡೋಸ್ ಆಗಿಹೋಗಿತ್ತು. ನಮ್ಮಲ್ಲಿ ಕೋಟಿಗಟ್ಟಲೆ ಜನಕ್ಕೆ ಒಂದೂ ಆಗಿರಲಿಲ್ಲ. ಹತ್ತು ಬಾಟಲಿ ಇದ್ದಾಗ ಹತ್ತು ಮನೆಗೆ ಒಂದೊಂದು ಕೊಡಬೇಕೋ, ಐದು ಮನೆಗೆ ಎರಡೆರಡು ಕೊಡಬೇಕೋ ಅನ್ನುವ ಪ್ರಶ್ನೆ ಅದು.

ತಡವಾಗಿ ಹಾಕಿಸಿಕೊಂಡರೆ ಮೊದಲ ಡೋಸ್ ವ್ಯರ್ಥವೇ?

ವ್ಯರ್ಥವಲ್ಲ.

ಮೊದಲ ಡೋಸ್ ಸಿಕ್ಕ ಮೇಲೆ ನಮ್ಮ ದೇಹ ಪ್ರತಿಕಾಯಗಳನ್ನು ತಯಾರಿಸುವುದರ ಜೊತೆಗೆ ನೆನಪಿನ ಕೋಶಗಳನ್ನೂ ಮಾಡಿಟ್ಟುಕೊಳ್ಳುತ್ತದೆ. ಪ್ರತಿಕಾಯ ತಿಂಗಳುಗಳಲ್ಲಿ ಇಳಿಯುತ್ತದೆ, ನೆನಪಿನ ಕೋಶ ಉಳಿಯುತ್ತದೆ. ಕಂಕುಳು, ಕುತ್ತಿಗೆಯ ದುಗ್ಧಗ್ರಂಥಿಗಳಲ್ಲಿ ಈ ಕೋಶಗಳು ಹಲವು ವಾರ ಹದಗೊಳ್ಳುತ್ತಾ, ವೈರಸ್ಸನ್ನು ಇನ್ನೂ ಚೆನ್ನಾಗಿ ಹಿಡಿಯುವ ಪ್ರತಿಕಾಯ ಮಾಡಲು ಕಲಿಯುತ್ತವೆ. ಎರಡನೇ ಡೋಸ್ ಬಂದಾಗ ಈ ಹದಗೊಂಡ ಕೋಶಗಳೇ ಎದ್ದು ಕೆಲಸ ಮಾಡುತ್ತವೆ. ಆದ್ದರಿಂದ ತೀರಾ ಬೇಗ ಕೊಟ್ಟರೆ ಲಾಭ ಕಡಿಮೆ. ಕೋವಿಶೀಲ್ಡ್‌ನಲ್ಲಿ ಇನ್ನೊಂದು ಕಾರಣವೂ ಇದೆ. ಅದು ನಿರುಪದ್ರವಿ ಅಡೆನೋವೈರಸ್ ಒಂದನ್ನು ಗಾಡಿಯಂತೆ ಬಳಸುತ್ತದೆ. ಬೇಗನೆ ಇನ್ನೊಂದು ಡೋಸ್ ಕೊಟ್ಟರೆ ದೇಹ ಆ ಗಾಡಿಯನ್ನೇ ತಡೆಯುವ ಸಾಧ್ಯತೆ ಹೆಚ್ಚು.

ರಾಗಿ ಹೊಲ ಇರುವವರಿಗೆ ಇದನ್ನು ಹೇಳುವುದು ಸುಲಭ. ಮೇಲುಗೊಬ್ಬರ ಹಾಕುವುದು ಎರಡು ವಾರ ತಡವಾಯಿತು ಎಂದು ಯಾರೂ ಪೈರನ್ನು ಉತ್ತು ಮತ್ತೆ ಬಿತ್ತುವುದಿಲ್ಲ. ಇದ್ದ ಪೈರಿಗೇ ಗೊಬ್ಬರ ಹಾಕುತ್ತಾರೆ. ತಡವಾದ ಡೋಸ್‌ನಲ್ಲಿ ನಷ್ಟ ಇರುವುದು ನಡುವಿನ ದಿನಗಳಲ್ಲಿ. ಆ ದಿನಗಳಲ್ಲಿ ರಕ್ಷಣೆ ಅರ್ಧಂಬರ್ಧ. 2021ರ ಮೇ–ಜೂನ್‌ನಲ್ಲಿ ಆ ಅರ್ಧಂಬರ್ಧ ರಕ್ಷಣೆ ಕೆಲವರಿಗೆ ಸಾಲದೆ ಹೋಯಿತು. ದಿನ ಕಾಯುತ್ತಿದ್ದಾಗಲೇ ಸೋಂಕು ತಗುಲಿದವರ ಮನೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ತಡವಾಗಿ ಹಾಕಿಸಿಕೊಂಡವರ ದೇಹದಲ್ಲಿ ಲಸಿಕೆ ಕೆಟ್ಟುಹೋಯಿತು, ವಿಷವಾಯಿತು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಡೋಸ್‌ಗೆ ಮೊದಲೇ ಕೋವಿಡ್ ಬಂದವರಿಗೆ ವಾಸಿಯಾದ ಮೇಲೆ ಮೂರು ತಿಂಗಳು ಕಾಯಿರಿ ಎಂದು ಕೇಂದ್ರವೇ 2021ರ ಮೇನಲ್ಲಿ ಹೇಳಿತ್ತು.

ಎರಡನೆಯದು ಇನ್ನೂ ಆಗಿಯೇ ಇಲ್ಲ ಅನ್ನುವವರು ಇವತ್ತು ಗಾಬರಿಯಿಂದ ಓಡಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈಗ ಕೋವಿಡ್ ಲಸಿಕೆಯ ವಿಷಯದಲ್ಲಿ ಮೊದಲ ಗಮನ ಕೊಡಿ ಎನ್ನುವುದು ವಯಸ್ಸಾದವರಿಗೆ, ಬೇರೆ ದೊಡ್ಡ ಕಾಯಿಲೆ ಇರುವವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ, ಗರ್ಭಿಣಿಯರಿಗೆ. ಆ ಗುಂಪಿನವರು ತಮ್ಮ ಡಾಕ್ಟರನ್ನು ಕೇಳಿದರೆ ಸಾಕು.

ಈ "ಟೈಮ್ ಮೀರಿತು" ಅನ್ನುವ ಮಾತು ಕೋವಿಡ್‌ನಲ್ಲೇ ನಿಂತಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಅದು ಮಕ್ಕಳ ಲಸಿಕೆಗೂ ಬಂದಿದೆ. ತಾಯಿ ಕಾರ್ಡ್‌ನಲ್ಲಿ ಪೆಂಟಾವೇಲೆಂಟ್ 6, 10, 14 ವಾರಕ್ಕೆ ಎಂದಿರುತ್ತದೆ. ಊರಿಗೆ ಹೋಗಿ, ಜ್ವರ ಬಂದು ಒಂದು ತಪ್ಪಿದರೆ "ಇನ್ನು ಪ್ರಯೋಜನ ಇಲ್ಲ" ಎಂದು ಕೆಲವರು ಕಾರ್ಡನ್ನೇ ಎತ್ತಿಡುತ್ತಾರೆ. ಹಾಗೆ ಮಾಡಬೇಡಿ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತಾರೆ, ಮೊದಲಿಂದ ಶುರು ಮಾಡುವುದಿಲ್ಲ. ಕೆಲವು ಲಸಿಕೆಗಳಿಗೆ ವಯಸ್ಸಿನ ಮಿತಿ ಇರುವುದರಿಂದ ಆಶಾ ಕಾರ್ಯಕರ್ತೆಗೆ ಆದಷ್ಟು ಬೇಗ ಕಾರ್ಡ್ ತೋರಿಸಿ. ತಡ ಮಾಡಲೇಬಾರದ ಲಸಿಕೆ ಒಂದಿದೆ, ಅದು ನಾಯಿ ಕಚ್ಚಿದಾಗಿನದು. ಗಾಯವನ್ನು 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಬಹುತೇಕ ಅಸಾಧ್ಯ.

ತುಮಕೂರಿನ ಆ ವಿಡಿಯೊ

ನಮ್ಮ ಜಿಲ್ಲೆಯಲ್ಲಿ ಲಸಿಕೆ ಮೇಲಿನ ಅನುಮಾನಕ್ಕೆ ಮೊದಲ ವಾರದಲ್ಲೇ ಒಂದು ವಿಡಿಯೊ ಸಿಕ್ಕಿತ್ತು. 2021ರ ಜನವರಿಯಲ್ಲಿ ತುಮಕೂರಿನ ಇಬ್ಬರು ಹಿರಿಯ ಆರೋಗ್ಯ ಅಧಿಕಾರಿಗಳು ಲಸಿಕೆ ಹಾಕಿಸಿಕೊಳ್ಳುವಂತೆ ನಟಿಸುತ್ತಿದ್ದಾರೆ, ಸೂಜಿ ಚುಚ್ಚುವುದೇ ಇಲ್ಲ ಎಂದು ಅದು ದೇಶದಾದ್ಯಂತ ಓಡಿತು. "ಡಾಕ್ಟರುಗಳೇ ಹಾಕಿಸಿಕೊಳ್ಳುತ್ತಿಲ್ಲ" ಅನ್ನುವುದು ಅದರ ತಾತ್ಪರ್ಯ. ಜಿಲ್ಲಾ ಆರೋಗ್ಯಾಧಿಕಾರಿ ಕೊಟ್ಟ ವಿವರಣೆ ಹೀಗಿತ್ತು: ಇಬ್ಬರೂ ಅದಾಗಲೇ ಲಸಿಕೆ ಹಾಕಿಸಿಕೊಂಡಿದ್ದರು, ಆಮೇಲೆ ಕ್ಯಾಮೆರಾದವರು ಕೇಳಿದ್ದಕ್ಕೆ ಮತ್ತೊಮ್ಮೆ ಹಾಗೆ ಕೂತು ತೋರಿಸಿದರು. ಫ್ಯಾಕ್ಟ್‌ಚೆಕ್ ಮಾಡಿದವರೂ ಅದನ್ನೇ ಖಚಿತಪಡಿಸಿದರು.

ವಿಡಿಯೊ ನಕಲಿ ಅಲ್ಲ, ಎಡಿಟ್ ಮಾಡಿದ್ದೂ ಅಲ್ಲ. ಅದರ ಮೊದಲು ಏನಾಯಿತು ಅನ್ನುವುದು ಮಾತ್ರ ಅದರಲ್ಲಿಲ್ಲ. ಸಂವಹನ ಓದಿದವಳಾಗಿ ಹೇಳುವುದಾದರೆ, ಫೋಟೊಗೋಸ್ಕರ ಮತ್ತೊಮ್ಮೆ ಪೋಸ್ ಕೊಡುವ ನಮ್ಮ ಸರ್ಕಾರಿ ಕಾರ್ಯಕ್ರಮಗಳ ಚಟಕ್ಕೆ ಆರೋಗ್ಯ ಇಲಾಖೆ ತೆತ್ತ ಬೆಲೆ ದೊಡ್ಡದಾಯಿತು.

ಅಡ್ಡಪರಿಣಾಮ ಎಷ್ಟು ದಿನದೊಳಗೆ ಬರುತ್ತದೆ?

2021ರ ಮೇನಲ್ಲಿ ಇನ್ನೊಂದು ಸಂದೇಶ ಬಂದಿದ್ದು ಹಲವರಿಗೆ ನೆನಪಿರಬಹುದು. ಫ್ರಾನ್ಸಿನ ನೊಬೆಲ್ ವಿಜ್ಞಾನಿ ಲುಕ್ ಮೊಂಟಾನಿಯೆ "ಲಸಿಕೆ ಹಾಕಿಸಿಕೊಂಡವರೆಲ್ಲ ಎರಡು ವರ್ಷದಲ್ಲಿ ಸಾಯುತ್ತಾರೆ" ಎಂದರಂತೆ. ಅವರು ಲಸಿಕೆ ಅಭಿಯಾನವನ್ನು ಟೀಕಿಸಿದ್ದು ನಿಜ, ಎರಡು ವರ್ಷದ ಮಾತು ಅವರದಲ್ಲ. ಆ ಗಡುವು 2023ರ ಮೇಗೆ ಮುಗಿಯಿತು. ಅದನ್ನು ಕಳಿಸಿದವರೂ ಓದಿದವರೂ ಇನ್ನೂ ಅದೇ ಗ್ರೂಪ್‌ನಲ್ಲಿದ್ದಾರೆ.

ಹಾಗೆಂದು ಅಡ್ಡಪರಿಣಾಮವೇ ಇಲ್ಲ ಎಂದರೆ ಅದೂ ಸುಳ್ಳು. ಕೋವಿಶೀಲ್ಡ್ ಬಗೆಯ ಲಸಿಕೆಯಿಂದ ಅತಿ ವಿರಳವಾಗಿ ಟಿಟಿಎಸ್ ಎಂಬ ತೊಂದರೆ ಬರುತ್ತದೆ. ರಕ್ತ ಹೆಪ್ಪುಗಟ್ಟುತ್ತದೆ, ಜೊತೆಗೆ ಪ್ಲೇಟ್‌ಲೆಟ್ ಸಂಖ್ಯೆ ಕುಸಿಯುತ್ತದೆ. ಇದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಡೋಸ್ ನಂತರ, ಸುಮಾರು ನಾಲ್ಕನೇ ದಿನದಿಂದ ಆರು ವಾರದೊಳಗೆ. 2021ರ ಮೇನಲ್ಲಿ ನಮ್ಮ ರಾಷ್ಟ್ರೀಯ ಸಮಿತಿ ಪರಿಶೀಲಿಸಿದಾಗ ಹೆಪ್ಪುಗಟ್ಟುವಿಕೆಯ ಸಂಭಾವ್ಯ ಪ್ರಕರಣ 26 ಸಿಕ್ಕವು. 10 ಲಕ್ಷ ಡೋಸ್‌ಗೆ 0.61. ಬ್ರಿಟನ್, ಜರ್ಮನಿಯಲ್ಲಿ ಇದಕ್ಕಿಂತ ಹೆಚ್ಚು. ನಮ್ಮಲ್ಲಿ ಲೆಕ್ಕಕ್ಕೆ ಸಿಗದೆ ಹೋದವೂ ಇರಬಹುದು. ಮಕ್ಕಳನ್ನು ಕಳೆದುಕೊಂಡ ಕೆಲವು ತಂದೆತಾಯಿ ಸುಪ್ರೀಂ ಕೋರ್ಟ್‌ವರೆಗೂ ಹೋದರು. ಅವರ ದುಃಖವನ್ನು "ಫೇಕ್ ನ್ಯೂಸ್" ಎಂದು ತಳ್ಳಿಹಾಕುವುದು ಅನ್ಯಾಯ.

2024ರ ಏಪ್ರಿಲ್ ಕೊನೆಯಲ್ಲಿ "ಆಸ್ಟ್ರಾಜೆನೆಕಾ ಕೋರ್ಟ್‌ನಲ್ಲಿ ತಪ್ಪೊಪ್ಪಿಕೊಂಡಿತು" ಎಂಬ ಸುದ್ದಿ ಬಂದಾಗ ಎಲ್ಲರೂ ಬೆಚ್ಚಿದರು. ಕಂಪನಿ ಬ್ರಿಟನ್ನಿನ ಕೋರ್ಟ್‌ಗೆ ಕೊಟ್ಟ ದಾಖಲೆಯಲ್ಲಿ ಲಸಿಕೆಯಿಂದ ಅತಿ ವಿರಳವಾಗಿ ಟಿಟಿಎಸ್ ಆಗಬಹುದು ಎಂದಿದ್ದು ನಿಜ. ಆದರೆ ಅದು ಅವತ್ತು ಬಯಲಾದ ಗುಟ್ಟಲ್ಲ. ಯುರೋಪಿನ ಔಷಧ ನಿಯಂತ್ರಕರು 2021ರ ಏಪ್ರಿಲ್‌ನಲ್ಲೇ ಹೇಳಿದ್ದರು. ಸೀರಂ ಸಂಸ್ಥೆಯೂ ಅದೇ ವರ್ಷ ಪೊಟ್ಟಣದ ಚೀಟಿಯಲ್ಲಿ ಸೇರಿಸಿದ್ದಾಗಿ ಹೇಳಿದೆ. ಅದೇ ದಿನಗಳಲ್ಲಿ ಲಸಿಕೆ ಸರ್ಟಿಫಿಕೇಟ್‌ನಿಂದ ಪ್ರಧಾನಿ ಫೋಟೊ ಮಾಯವಾಗಿದ್ದಕ್ಕೂ ಇದಕ್ಕೂ ಗಂಟು ಹಾಕಿದರು. ಅದು ಲೋಕಸಭಾ ಚುನಾವಣೆಯ ನೀತಿಸಂಹಿತೆಯಿಂದ ಆಗಿದ್ದು.

ಮುಖ್ಯವಾದದ್ದು ದಿನದ ಲೆಕ್ಕ. ಟಿಟಿಎಸ್ ವಾರಗಳೊಳಗೆ ಬರುವ ತೊಂದರೆ. 2021ರಲ್ಲಿ ಹಾಕಿಸಿಕೊಂಡು ಅದಾಗದೆ ಉಳಿದವರಿಗೆ 2025ರಲ್ಲಿ ಆ ಡೋಸ್‌ನಿಂದ ಅದು ಬರುವುದಿಲ್ಲ. ಆದ್ದರಿಂದ ಭಯಕ್ಕೆ ಬಿದ್ದು ಡಿ-ಡೈಮರ್ ಪರೀಕ್ಷೆ ಮಾಡಿಸಿಕೊಂಡು, ಸಂಖ್ಯೆ ಸ್ವಲ್ಪ ಜಾಸ್ತಿ ಬಂತೆಂದು ಮೆಡಿಕಲ್ ಸ್ಟೋರ್‌ನಿಂದ ರಕ್ತ ತೆಳುವಾಗಿಸುವ ಮಾತ್ರೆ ತಂದು ನುಂಗಬೇಡಿ. ಡಿ-ಡೈಮರ್ ಹತ್ತಾರು ಕಾರಣಕ್ಕೆ ಏರುತ್ತದೆ, ವಯಸ್ಸಾದಂತೆ ಕೂಡ. ಆ ಮಾತ್ರೆಗಳಿಂದ ಹೊಟ್ಟೆಯಲ್ಲೋ ತಲೆಯಲ್ಲೋ ರಕ್ತಸ್ರಾವ ಆದರೆ ಅದು ನಿಜವಾದ ಅಪಾಯ.

ಹೃದಯದ ಸ್ನಾಯುವಿನ ಉರಿಯೂತ, ಅಂದರೆ ಮಯೋಕಾರ್ಡೈಟಿಸ್ ಬಗ್ಗೆ ಅಮೆರಿಕದ ವಿಡಿಯೊಗಳು ಕನ್ನಡದ ಧ್ವನಿ ಹಚ್ಚಿಕೊಂಡು ಬರುತ್ತವೆ. ಅವು ಹೇಳುವುದು ಫೈಜರ್, ಮೊಡರ್ನಾ ಲಸಿಕೆಗಳ ಬಗ್ಗೆ. ಹೆಚ್ಚಾಗಿ ಹದಿಹರೆಯದ, ಯುವ ಗಂಡಸರಲ್ಲಿ, ಡೋಸ್ ಆದ ಒಂದು ವಾರದೊಳಗೆ ಕಾಣಿಸಿದ್ದು, ಬಹುತೇಕರಲ್ಲಿ ವಾಸಿಯಾಗಿದ್ದು. ಆ ಎರಡು ಲಸಿಕೆ ನಮ್ಮ ದೇಶದ ಅಭಿಯಾನದಲ್ಲಿ ಇರಲೇ ಇಲ್ಲ. ತುಮಕೂರಿನ ಯಾವ ಶಿಬಿರದಲ್ಲೂ ನಿಮಗೆ ಫೈಜರ್ ಕೊಟ್ಟಿಲ್ಲ.

ಹಾಸನದಲ್ಲಿ ಏನಾಯಿತು?

2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಜನ, ಅವರಲ್ಲಿ ಹಲವರು ಚಿಕ್ಕ ವಯಸ್ಸಿನವರು, ಹೃದಯಾಘಾತದಿಂದ ಸತ್ತರೆಂದು ಸುದ್ದಿಯಾಯಿತು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಲಸಿಕೆಗೆ ತರಾತುರಿಯಲ್ಲಿ ಅನುಮತಿ ಕೊಟ್ಟಿದ್ದೂ ಕಾರಣ ಇರಬಹುದು ಎಂಬರ್ಥದ ಮಾತು ಬರೆದರು. ಕೇಂದ್ರ ಆರೋಗ್ಯ ಇಲಾಖೆ ಅಲ್ಲಗಳೆಯಿತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತರು.

ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅಧ್ಯಕ್ಷತೆಯ ತಜ್ಞರ ಸಮಿತಿಯ ವರದಿ ಜುಲೈನಲ್ಲೇ ಹೊರಬಂತು. ಹಾಸನದ ಪಟ್ಟಿಯಲ್ಲಿದ್ದ 24 ಸಾವುಗಳನ್ನು ನೋಡಿದಾಗ 4 ಹೃದಯಕ್ಕೆ ಸಂಬಂಧವೇ ಇಲ್ಲದವು. ಉಳಿದ 20ರಲ್ಲಿ ಹೃದಯಾಘಾತ ಎಂದು ಖಚಿತವಾಗಿದ್ದು ಅರ್ಧದಷ್ಟು, ಮಿಕ್ಕವು ಸಂಭಾವ್ಯ. ಟಿವಿಯಲ್ಲಿ ಒಂದರ ಮೇಲೊಂದು ಬರುತ್ತಿದ್ದುದರಿಂದ ಅಲೆ ಎದ್ದಂತೆ ಕಂಡಿತು. ಆಸ್ಪತ್ರೆಯ ಲೆಕ್ಕದಲ್ಲಿ ಹಿಂದಿನ ತಿಂಗಳುಗಳಿಗಿಂತ ಸಾವು ಏರಿರಲಿಲ್ಲ.

ಇದರ ಜೊತೆಗೆ ಬೆಂಗಳೂರಿನ ಜಯದೇವದಲ್ಲಿ 2025ರ ಏಪ್ರಿಲ್–ಮೇನಲ್ಲಿ ದಾಖಲಾದ ಚಿಕ್ಕ ವಯಸ್ಸಿನ 251 ಹೃದ್ರೋಗಿಗಳ ವಿವರವನ್ನೂ ನೋಡಿದ್ದರು. 111 ಜನ ಧೂಮಪಾನಿಗಳು, 102 ಜನಕ್ಕೆ ರಕ್ತದೊತ್ತಡ, 87 ಜನಕ್ಕೆ ಸಕ್ಕರೆ ಕಾಯಿಲೆ. 77 ಜನರಲ್ಲಿ ಇಂಥ ಯಾವ ಗೊತ್ತಿರುವ ಕಾರಣವೂ ಸಿಗಲಿಲ್ಲ. ಲಸಿಕೆಗೂ ಹೃದಯಾಘಾತಕ್ಕೂ ನಂಟು ಕಾಣಲಿಲ್ಲ ಎಂದಿತು ಸಮಿತಿ. ಹಳೆಯ ಕೋವಿಡ್ ಸೋಂಕಿನ ಬಗ್ಗೆಯೂ ಅದೇ ಮಾತು.

251 ಜನರ ಈ ಲೆಕ್ಕವನ್ನೇ ಕೊನೆಯ ಮಾತು ಎನ್ನಲು ನಾನು ತಯಾರಿಲ್ಲ. ಒಂದೇ ಆಸ್ಪತ್ರೆ, ಎರಡೇ ತಿಂಗಳು. ಆಸ್ಪತ್ರೆಗೆ ಬರುವ ಮೊದಲೇ ಸತ್ತವರು ಇದರಲ್ಲಿಲ್ಲ. ಹಠಾತ್ ಸಾವಿನ ಪ್ರಶ್ನೆಗೆ ನನಗೆ ಹೆಚ್ಚು ಗಟ್ಟಿ ಅನಿಸುವುದು ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನ. ದೇಶದ 47 ಆಸ್ಪತ್ರೆಗಳ ಮೂಲಕ, 18ರಿಂದ 45 ವಯಸ್ಸಿನ, ಆರೋಗ್ಯವಾಗಿದ್ದು ಇದ್ದಕ್ಕಿದ್ದಂತೆ ಸತ್ತ 729 ಜನರನ್ನು, ಅದೇ ವಯಸ್ಸಿನ, ಅದೇ ಸುತ್ತಿನ 2,916 ಜನರ ಜೊತೆ ಹೋಲಿಸಿದರು. ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಹಠಾತ್ ಸಾವಿನ ಸಂಭವ ಸುಮಾರು ಅರ್ಧ ಇತ್ತು. ಹೆಚ್ಚಿದ್ದು ಯಾರಲ್ಲಿ? ಕೋವಿಡ್‌ನಿಂದ ಆಸ್ಪತ್ರೆಗೆ ಸೇರಿ ಬಂದವರಲ್ಲಿ, ಮನೆತನದಲ್ಲಿ ಇಂಥ ಸಾವು ಆದವರಲ್ಲಿ, ಸಾಯುವ ಮುನ್ನಿನ ಎರಡು ದಿನದಲ್ಲಿ ವಿಪರೀತ ಕುಡಿದವರಲ್ಲಿ, ಮಾದಕ ವಸ್ತು ಬಳಸಿದವರಲ್ಲಿ, ಆ ಎರಡು ದಿನದಲ್ಲಿ ಮಿತಿಮೀರಿ ದೇಹ ದಣಿಸಿದವರಲ್ಲಿ.

"ಆದರೂ ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡವರೇ ಅಲ್ಲವೇ?" ಎಂದು ಯಾರಾದರೂ ಕೇಳುತ್ತಾರೆ. ಹೌದು, ಬಹುತೇಕ ಎಲ್ಲರೂ. ಏಕೆಂದರೆ ಬದುಕಿರುವ ವಯಸ್ಕರೂ ಬಹುತೇಕ ಎಲ್ಲರೂ ಹಾಕಿಸಿಕೊಂಡವರೇ. ಸತ್ತವರೆಲ್ಲರ ಹತ್ತಿರ ಆಧಾರ್ ಕಾರ್ಡೂ ಇತ್ತು. ಅದಕ್ಕೇ, ಸತ್ತವರನ್ನು ಮಾತ್ರ ನೋಡದೆ ಬದುಕಿರುವವರ ಜೊತೆ ಹೋಲಿಸಬೇಕು.

ಕೋವಿಡ್ ಉಳಿಸಿ ಹೋದದ್ದು

ದೀರ್ಘಕಾಲದ ತೊಂದರೆಯ ಬಗ್ಗೆ ಭಯ ಪಡಬೇಕಾದ್ದು ಇದ್ದರೆ ಅದು ಮುಖ್ಯವಾಗಿ ಕಾಯಿಲೆಯ ಕಡೆ ಇದೆ. ಬ್ರಿಟನ್ನಿನಲ್ಲಿ 2.9 ಕೋಟಿ ಜನರ ದಾಖಲೆ ನೋಡಿ 2021ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತ ಹೆಪ್ಪುಗಟ್ಟುವ ಅಪಾಯ ಲಸಿಕೆಯ ನಂತರಕ್ಕಿಂತ ಸೋಂಕಿನ ನಂತರ ಎಷ್ಟೋ ಪಟ್ಟು ಹೆಚ್ಚಿತ್ತು. ನಮ್ಮಲ್ಲೇ ಐಸಿಎಂಆರ್ 31 ಆಸ್ಪತ್ರೆಗಳಿಂದ ಮನೆಗೆ ಹೋದ 14,419 ಕೋವಿಡ್ ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿದಾಗ 6.5% ಜನ ಆ ವರ್ಷದಲ್ಲಿ ತೀರಿಕೊಂಡಿದ್ದರು. ಸೋಂಕಿಗೆ ಮೊದಲೇ ಲಸಿಕೆ ಹಾಕಿಸಿಕೊಂಡಿದ್ದವರಲ್ಲಿ ಆ ಸಾವು ಗಣನೀಯವಾಗಿ ಕಡಿಮೆ. 2021ರ ಬೇಸಿಗೆಯ ಕಪ್ಪು ಶಿಲೀಂಧ್ರವನ್ನೂ ಮರೆಯುವಂತಿಲ್ಲ. ಸಕ್ಕರೆ ಕಾಯಿಲೆ, ಸ್ಟೀರಾಯ್ಡ್, ಕೋವಿಡ್ ಮೂರೂ ಒಟ್ಟಿಗೆ ಸೇರಿ ಎಷ್ಟೋ ಜನ ಕಣ್ಣು, ದವಡೆ ಕಳೆದುಕೊಂಡರು.

ಲಾಂಗ್ ಕೋವಿಡ್ ಎಂದರೆ ಸೋಂಕು ಆದ ಸುಮಾರು ಮೂರು ತಿಂಗಳಿಗೂ ಇದ್ದು, ಕನಿಷ್ಠ ಎರಡು ತಿಂಗಳು ಕಾಡುವ, ಬೇರೆ ಕಾರಣ ಸಿಗದ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಸೋಂಕಾದ 100 ಜನರಲ್ಲಿ ಸುಮಾರು 6 ಜನಕ್ಕೆ. ಸುಸ್ತು, ಉಸಿರುಗಟ್ಟುವುದು, ನೆನಪು ಮಂಕಾಗುವುದು, ನಿದ್ದೆ ಕೆಡುವುದು ಇದರ ಸಾಮಾನ್ಯ ಲಕ್ಷಣಗಳು. ಕಾಲ ಕಳೆದಂತೆ ಹೆಚ್ಚಿನವರಿಗೆ ಸುಧಾರಿಸುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಲಸಿಕೆ ಆಗಿದ್ದವರಲ್ಲಿ ಇದರ ಸಂಭವ ಕಡಿಮೆ.

"ಬೇರೆ ಕಾರಣ ಸಿಗದ" ಅನ್ನುವ ಮಾತನ್ನು ಗಮನಿಸಿ. ಯಾವಾಗಲೂ ಸುಸ್ತು ಎಂದು "ಕೋವಿಡ್ ಬಂದಾಗಿನಿಂದ ಹೀಗೇ" ಅಂದುಕೊಂಡು ಕೂತವರಲ್ಲಿ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇರಬಹುದು. ಅವೆಲ್ಲ ಸರಳ ರಕ್ತಪರೀಕ್ಷೆಯಲ್ಲಿ ಸಿಗುತ್ತವೆ, ಚಿಕಿತ್ಸೆಯೂ ಇದೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಎದೆ ನೋವು ಬಂದರೆ

ಇಲ್ಲಿ ದಿನದ ಲೆಕ್ಕ ಮುಗಿದು ಗಂಟೆಯ ಲೆಕ್ಕ ಶುರುವಾಗುತ್ತದೆ. ಎದೆಯ ನಡುವೆ ಹಿಂಡಿದಂತೆ ನೋವು, ಎಡಗೈಗೆ, ದವಡೆಗೆ ಅಥವಾ ಬೆನ್ನಿಗೆ ಹರಿಯುವ ನೋವು, ತಣ್ಣನೆಯ ಬೆವರು, ಏದುಸಿರು ಕಂಡರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ನೋವಿಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಬರಬಹುದು. 108ಕ್ಕೆ ಫೋನ್ ಮಾಡಿ. ಬೈಕ್ ಹತ್ತಿ ನೀವೇ ಓಡಿಸಿಕೊಂಡು ಹೋಗಬೇಡಿ.

ನೇರ ಬೆಂಗಳೂರಿಗೇ ಹೊರಡುವುದು ನಮ್ಮ ಕಡೆಯವರ ಅಭ್ಯಾಸ. ಗುಬ್ಬಿಯಿಂದಾಗಲಿ ಕುಣಿಗಲ್‌ನಿಂದಾಗಲಿ ನೆಲಮಂಗಲದ ಟ್ರಾಫಿಕ್ ದಾಟುವಷ್ಟರಲ್ಲಿ ಹೃದಯದ ಸ್ನಾಯು ಒಂದಿಷ್ಟು ಸತ್ತಿರುತ್ತದೆ. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಹೃದಯಾಘಾತ ಎಂದು ಗೊತ್ತಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಟ್ಟು ಆಮೇಲೆ ಮುಂದಕ್ಕೆ ಕಳಿಸುತ್ತಾರೆ. ಆ ಇಂಜೆಕ್ಷನ್ ಮೊದಲ ಗಂಟೆಗಳಲ್ಲಿ ಸಿಕ್ಕಷ್ಟೂ ಉಪಯೋಗ ಹೆಚ್ಚು. ನಿಮ್ಮ ತಾಲ್ಲೂಕಿನ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ. ಗ್ರೂಪ್‌ನಲ್ಲಿ ಹಂಚಿಕೊಳ್ಳಲು ಅದು ಒಳ್ಳೆಯ ಮಾಹಿತಿ.

ದೊಡ್ಡಮ್ಮನನ್ನು ಅವತ್ತೇ ಅಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದ. ಇಸಿಜಿ ಸರಿಯಾಗಿತ್ತು, ಬಿಪಿ 170/100 ಇತ್ತು. ಬಿಟ್ಟಿದ್ದ ಮಾತ್ರೆ ಮತ್ತೆ ಶುರುವಾಯಿತು. ಉರಿ ಹೊಟ್ಟೆಯದೇ ಅಂತ ಡಾಕ್ಟರು ಹೇಳಿದರಂತೆ. ಮೊನ್ನೆ ಅವರಿಂದ ನನಗೊಂದು ಹೊಸ ಫಾರ್ವರ್ಡ್ ಬಂದಿದೆ. ಬೆಳ್ಳುಳ್ಳಿ ನೀರು ಕುಡಿದರೆ ಬಿಪಿ ಮಾತ್ರೆಯೇ ಬೇಡವಂತೆ.